ಬಂಡೆಮ್ಮ ಎಣ್ಣೆ ಹಚ್ಚಿದ ಹಗ್ಗ

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದ ಕಾಲ. ಹೊರಗಿನಿಂದ ಬಂದ ಕಸುಬುದಾರನಿಗೆ ಆಗ ಎರಡು ದಾರಿ ಇದ್ದವು. ಒಂದು, ಹಿಮಾಯತ್‌ನಗರದ ಏಜೆನ್ಸಿಗಳ ಬೆಂಚಿನ ಮೇಲೆ ಕೂತು ಪ್ಯಾಂಟು ಸವೆಸುವುದು. ಇನ್ನೊಂದು, ಬಂಡೆಮ್ಮ ಮೇಸ್ತ್ರಿಯ ಒಲೆಯ ಮುಂದೆ ಬಂದು ಕೂಡುವುದು.

ಬಂಡೆಮ್ಮ ಯಾದಗಿರಿ ಜಿಲ್ಲೆಯ ಸೈದಾಪುರದ ಕಡೆಯವಳು. ಮೊದಲು ಇಟ್ಟಿಗೆ ಹೊತ್ತಳು, ಆಮೇಲೆ ಕಲ್ಲು ಹೊತ್ತಳು. ಗಾಜಿನ ಕಟ್ಟಡಗಳು ಬಂದ ಮೇಲೆ ತನ್ನದೇ ಒಂದು ಗ್ಯಾಂಗು ಕಟ್ಟಿಕೊಂಡಳು. ಕಟ್ಟಡ ಎದ್ದ ಮೇಲೆ ಗಾಜಿಗೆ ಅಂಟಿದ ಸಿಮೆಂಟು, ಬಣ್ಣ, ಗೋಂದು ಎಲ್ಲವನ್ನೂ ಬ್ಲೇಡಿನಿಂದ ಕೆರೆದು ತೊಳೆಯುವ ಗ್ಯಾಂಗು ಅದು. ಗಂಡ ಒಮ್ಮೆ ಬಂದು ನೋಡಿ, ಇಲ್ಲಿಯ ನೀರು ತನಗೆ ಒಗ್ಗುವುದಿಲ್ಲ ಎಂದು ಊರಿಗೆ ಹೋಗಿಬಿಟ್ಟ. "ಅವಗ ಒಗ್ಗಲಾರದ್ದು ನೀರಲ್ಲ, ಕೆಲಸ" ಎಂದು ಆಕೆ ಎಲ್ಲರ ಎದುರಿಗೇ ಹೇಳುತ್ತಿದ್ದಳು. ಕನ್ನಡ, ತೆಲುಗು, ಹಿಂದಿ ಮೂರನ್ನೂ ಒಂದೇ ಉಸಿರಿನಲ್ಲಿ ಕಲಸಿ ಮಾತಾಡುವಳು. ಬೈದರೆ ಮೂರೂ ಭಾಷೆಯವರಿಗೆ ತಿಳಿಯುತ್ತಿತ್ತು.

ಆಕೆಯ ಗ್ಯಾಂಗು ದುಡಿಯುತ್ತಿದ್ದ ಒಂದು ಕಟ್ಟಡದಲ್ಲಿ ನಾನು ಹಾಯ್ಸ್ಟ್ ನಡೆಸುತ್ತಿದ್ದೆ. ಹಾಯ್ಸ್ಟ್ ಅಂದರೆ ಜನರನ್ನೂ ಸಾಮಾನನ್ನೂ ಕಟ್ಟಡದ ಹೊರಮೈಗೆ ಹತ್ತಿಕೊಂಡು ಮೇಲೆ ಒಯ್ಯುವ ಜಾಲರಿ ಲಿಫ್ಟು. ಈ ಹಗ್ಗದ ಪ್ರಸಂಗವನ್ನೆಲ್ಲ ನಾನು ಹತ್ತಿರದಿಂದ ಕಂಡಿದ್ದೇನೆ.

ಜನರಿಗೆ ಕೆಲಸ ಹಚ್ಚುವ ಬಂಡೆಮ್ಮನ ರೀತಿ ಬೇರೆ ಇತ್ತು. ಬಂದವನ ಕಾಗದ ಕೇಳುತ್ತಿರಲಿಲ್ಲ, ಕೇಳಿದರೂ ಓದಲು ಆಕೆಗೆ ಬರುತ್ತಿರಲಿಲ್ಲ. ರೊಟ್ಟಿ ಹಾಕಿ ಅವನ ಕೈ ನೋಡುವಳು. ಆಮೇಲೆ ಅವನನ್ನು ಆ ಕಸುಬಿನ ಮೇಸ್ತ್ರಿಯ ಮುಂದೆ ತಂದು ನಿಲ್ಲಿಸಿ, "ಪಗಾರದ ಮಾತು ಈಗ ಬ್ಯಾಡ. ಅರ್ಧ ದಿನ ಕೆಲಸ ಮಾಡಿಸಿ ನೋಡು. ಸರಿ ಕಾಣಲಿಲ್ಲಂದ್ರ ನನ್ನ ಒಲಿಗೆ ವಾಪಸ್ ಕಳಸು" ಎನ್ನುವಳು. ಒಡಿಶಾದ ಪೈಪಿನವರು, ಬಂಗಾಳದ ಟೈಲ್ಸಿನವರು ಹೀಗೆಯೇ ಹೈದರಾಬಾದಿನಲ್ಲಿ ನೆಲೆಯಾದರು. ವಾಪಸ್ ಬಂದವರು ಕಡಿಮೆ.

ಆದರೆ ನೇಪಾಳದ ತುಲಾರಾಮ ಪುನ್‌ನ ವಿಷಯದಲ್ಲಿ ಈ ರೀತಿ ನಡೆಯಲಿಲ್ಲ.

ತುಲಾರಾಮ ದುಬೈಯಲ್ಲಿ ಹಗ್ಗದ ಕೆಲಸ ಮಾಡಿದವನು. ಮುಗಿಲೆತ್ತರದ ಕಟ್ಟಡದ ನೆತ್ತಿಯಿಂದ ಹಗ್ಗ ಕಟ್ಟಿಕೊಂಡು ಇಳಿದು, ಗಾಳಿಯಲ್ಲಿ ತೂಗುತ್ತ ಗಾಜು ಕೂಡಿಸುವುದು, ತೊಳೆಯುವುದು, ರಿಪೇರಿ ಮಾಡುವುದು ಅವನ ಕಸುಬು. ಅದಕ್ಕೆ ಅಲ್ಲಿ ದೊಡ್ಡ ಪರೀಕ್ಷೆ ಇದೆ. ಅದನ್ನು ಪಾಸು ಮಾಡಿದ ಕಾರ್ಡು ಅವನ ಅಂಗಿಯ ಜೇಬಿನಲ್ಲಿತ್ತು. ಅಲ್ಲಿಯ ಕಂಪನಿ ಮುಚ್ಚಿದ ಮೇಲೆ, ಹೆಂಡತಿಯ ಅಣ್ಣ ಇಲ್ಲಿ ವಾಚ್‌ಮನ್ ಎಂದು ಹೈದರಾಬಾದಿಗೆ ಬಂದ. ಊರಲ್ಲಿ ತಾಯಿಗೆ ಆರಾಮವಿರಲಿಲ್ಲ. ಕರೆ ಬಂದ ದಿನವೇ ರೈಲು ಹಿಡಿಯುವಷ್ಟು ದೂರದಲ್ಲಿ ಇರಬೇಕೆಂದು ಅವನ ಹಟ. ಆದರೆ ಯಾವ ಕಟ್ಟಡಕ್ಕೆ ಹೋದರೂ, ಮುಖ ನೋಡಿದ ಕೂಡಲೇ ಅವನ ಕೈಗೆ ಶಿಳ್ಳೆ ಮತ್ತು ಲಾಠಿ ಕೊಡಲು ಬರುತ್ತಿದ್ದರು. ಕಾರ್ಡು ತೋರಿಸಿದರೆ, "ಇದು ದುಬೈದು, ಇಲ್ಲಿ ನಡೆಯಲ್ಲ" ಎನ್ನುತ್ತಿದ್ದರು.

ಬಂಡೆಮ್ಮ ಅವನನ್ನು ಪ್ರಹ್ಲಾದನ ಹತ್ತಿರ ಕರೆದುಕೊಂಡು ಹೋದಳು. ಪ್ರಹ್ಲಾದ ನಮ್ಮ ಕಟ್ಟಡದ ಗಾಜಿನ ಗುತ್ತಿಗೆದಾರ, ಜಹೀರಾಬಾದಿನವನು. ಅವನ ಕೆಳಗೇ ಬಂಡೆಮ್ಮನ ಗ್ಯಾಂಗು ದುಡಿಯುತ್ತಿತ್ತು.

"ಅರ್ಧ ದಿನ ನೋಡ್ರಿ" ಎಂದಳು ಬಂಡೆಮ್ಮ.

"ಏನ್ ನೋಡ್ತಿ ಬಂಡೆವ್ವಾ? ಹೊರಗ ಜೋತಾಡೋ ಕೆಲಸ. ಅರ್ಧ ದಿನದಾಗ ಅವ ಸತ್ರ ಉಳಿದ ಅರ್ಧ ದಿನ ನಾ ಪೊಲೀಸ್ ಸ್ಟೇಷನ್‌ದಾಗ ಕೂಡಬೇಕು" ಎಂದ ಪ್ರಹ್ಲಾದ.

ಅವನು ಹೇಳಿದ್ದರಲ್ಲಿ ಒಂದು ನಿಜವಿತ್ತು, ಅದು ಜೀವ ಹೋಗುವ ಕೆಲಸ. ಅದಕ್ಕೇ ಕಟ್ಟಡದ ಮಾಲೀಕ ಕಂಪನಿ ಆ ವರ್ಷ ಹೊಸ ನಿಯಮ ಮಾಡಿತ್ತು. ಹಲಗೆ ಕಟ್ಟಿಕೊಂಡು ಇಳಿಯುವುದು ಬಂದ್. ಹಗ್ಗದ ಕೆಲಸಕ್ಕೆ ಪರೀಕ್ಷೆ ಪಾಸಾದ ಒಬ್ಬ ಮುಖ್ಯಸ್ಥ ಇರಬೇಕು, ಹೊರದೇಶದ ಕಾರ್ಡು ಇದ್ದವನು ಕಂಪನಿಯ ಸುರಕ್ಷತಾ ಅಧಿಕಾರಿಯ ಕಣ್ಣೆದುರು ಇಳಿದು ತೋರಿಸಬೇಕು. ಅಂಥವನು ಇಲ್ಲದ ಗುತ್ತಿಗೆದಾರನಿಗೆ ಮುಂದಿನ ಕಟ್ಟಡ ಸಿಗುವುದಿಲ್ಲ. ಇದು ತಿಳಿದ ದಿನ ಪ್ರಹ್ಲಾದ ತಾನಾಗಿಯೇ ಬಂಡೆಮ್ಮನ ಒಲೆಯ ಹತ್ತಿರ ಬಂದ.

"ಎಲ್ಲಿ ನಿಮ್ಮ ಬಹಾದ್ದೂರ?"

"ಅವನ ಹೆಸರು ತುಲಾರಾಮ" ಎಂದಳು ಬಂಡೆಮ್ಮ. "ನಿಮಗ ಗರಜು ಬಿದ್ದಾಗರ ಹೆಸರು ಹಿಡಿದು ಕರೀರಿ."

ಪರೀಕ್ಷೆಯ ದಿನ ಗೊತ್ತಾಯಿತು. ದಸರೆಯ ಮರುದಿನ. ಅಂದು ತಪ್ಪಿದರೆ ಅದೇ ಸಂಜೆ ಕೆಲಸ ದಿಲ್ಲಿಯ ಕಂಪನಿಗೆ ಹೋಗುತ್ತದೆ ಎಂದು ಪ್ರಹ್ಲಾದ ಮೊದಲೇ ಹೇಳಿಟ್ಟಿದ್ದ. ತುಲಾರಾಮ ತನ್ನ ಎರಡು ಹಗ್ಗಗಳನ್ನು ದುಬೈಯಿಂದ ತಂದಿದ್ದ. ಬಿಳಿ ಹಗ್ಗ, ನಡುನಡುವೆ ನೀಲಿ ಎಳೆ. ಅದರ ಜೊತೆಗೆ ಹಗ್ಗವನ್ನು ಕಚ್ಚಿ ಹಿಡಿದು, ಹಿಡಿ ಒತ್ತಿದಾಗ ಮಾತ್ರ ಮೆಲ್ಲಗೆ ಬಿಡುವ ಒಂದು ಲೋಹದ ಸಾಧನ. ಅವನು ಅದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳುತ್ತಿದ್ದ. ಬಂಡೆಮ್ಮನ ಗ್ಯಾಂಗು ಅದರ ಹಿಡಿತ ನೋಡಿ ಅದಕ್ಕೆ ಉಡ ಎಂದು ಹೆಸರಿಟ್ಟಿತ್ತು.

ದಸರೆ ನೇಪಾಳದವರಿಗೂ ದೊಡ್ಡ ಹಬ್ಬ. ತುಲಾರಾಮ ಭಾವಮೈದುನನ ಮನೆಗೆ ಹೊರಟ. ಅಲ್ಲಿ ಒಂದು ಕೋಣೆಯಲ್ಲಿ ಮೂರು ಸಂಸಾರ, ಮಕ್ಕಳು ಹಗ್ಗ ತುಳಿಯುತ್ತಾರೆ ಎಂದು ಚೀಲವನ್ನು ಬಂಡೆಮ್ಮನ ಶೆಡ್ಡಿನಲ್ಲಿ ಇಟ್ಟ.

"ಚೆನ್ನಾಗಿ ನೋಡಿಕೊಳ್ಳಿ ಅಮ್ಮಾ. ನನ್ನ ಜೀವ ಇದರಲ್ಲೇ ಇದೆ" ಎಂದ. ಅವನು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನ್ನ ಮಗಳು ಗೋದಾವರಿನ್ನ ನೋಡಿಕೊಂಡಂಗ ನೋಡ್ಕೋತೀನಿ, ಹೋಗಿ ಬಾ" ಎಂದಳು ಬಂಡೆಮ್ಮ.

ನೋಡಿಕೊಂಡಳು ಕೂಡ. ಆಯುಧ ಪೂಜೆಯ ದಿನ ಬೇಗಂ ಬಜಾರಿಗೆ ಹೋಗಿ ಕುಂಕುಮ, ವಿಭೂತಿ, ಗಾಣದ ಕುಸುಬೆ ಎಣ್ಣೆ ತಂದಳು. ಬ್ಲೇಡು, ಬಕೇಟು, ಸಲಿಕೆ, ನನ್ನ ಹಾಯ್ಸ್ಟಿನ ಹಿಡಿ, ಎಲ್ಲವನ್ನೂ ತೊಳೆದು ಒರೆಸಿ ಪೂಜೆಗೆ ಸಾಲಾಗಿ ಜೋಡಿಸಿದಳು. ಹುಡುಗನ ಹಗ್ಗವನ್ನು ಮಾತ್ರ ಚೀಲದಲ್ಲಿ ಕತ್ತಲಿಗೆ ಬಿಡುವುದೇ? ಹೊರತೆಗೆದಳು. ನಮ್ಮ ಕಡೆ ಬಾವಿಯ ಹಗ್ಗಕ್ಕೆ, ಎತ್ತಿನ ಮೂಗುದಾರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ತೀಡುತ್ತಾರೆ. ಎಣ್ಣೆ ಉಂಡ ಹಗ್ಗ ಮೆತ್ತಗಾಗಿ ಬಾಳಿಕೆ ಬರುತ್ತದೆ. ಬಂಡೆಮ್ಮ ಒಂದು ಅರಿವೆಯನ್ನು ಎಣ್ಣೆಯಲ್ಲಿ ಅದ್ದಿ, ಎರಡೂ ಹಗ್ಗಗಳನ್ನು ಮೊದಲಿಂದ ಕೊನೆಯವರೆಗೆ ಸಾವಕಾಶ ತೀಡಿದಳು. ಉಡಕ್ಕೂ ಹಚ್ಚಿದಳು. ಮೇಲೆ ಕುಂಕುಮ, ವಿಭೂತಿ, ಚೆಂಡುಹೂವು. ಉಳಿದ ಯಾವ ಸಾಮಾನಿಗೂ ಅಷ್ಟು ಹೊತ್ತು ಕೂತವಳಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ತುಲಾರಾಮ ಬಂದ. ಹಣೆಯ ತುಂಬ ಅಕ್ಕಿ ಕಲಸಿದ ಕೆಂಪು ತಿಲಕ, ಕಿವಿಯ ಮೇಲೆ ಹಬ್ಬಕ್ಕೆ ಬೆಳೆಸಿದ ಹಳದಿ ಮೊಳಕೆ ಸಿಕ್ಕಿಸಿಕೊಂಡಿದ್ದ. ನಗುತ್ತ ಎಲ್ಲರಿಗೂ ಕೈ ಮುಗಿದ. ಚೀಲ ಹೊತ್ತು ನನ್ನ ಹಾಯ್ಸ್ಟಿನಲ್ಲೇ ಮೇಲೆ ಬಂದ. ಛಾವಣಿಯ ಮೇಲೆ ಪ್ರಹ್ಲಾದ, ಬಂಡೆಮ್ಮ, ಅವಳ ಅಳಿಯ ಅಂಬಾದಾಸ, ಗ್ಯಾಂಗಿನ ನಾಲ್ಕೈದು ಜನ ಆಗಲೇ ಕಾಯುತ್ತಿದ್ದರು. ತುಲಾರಾಮ ಚೀಲದ ಬಾಯಿ ಬಿಚ್ಚಿ ಹಗ್ಗಕ್ಕೆ ಕೈ ಹಾಕಿದ. ಹಾಕಿದ ಕೈಯನ್ನು ಹೊರತೆಗೆದು ನೋಡಿಕೊಂಡ. ಮೂಗಿನ ಹತ್ತಿರ ಹಿಡಿದ. ಅವನ ನಗು ಹೋಯಿತು.

"ಇದಕ್ಕೆ ಏನಾಯಿತು?"

"ಪೂಜಾ ಮಾಡೀನಪ್ಪ" ಎಂದಳು ಬಂಡೆಮ್ಮ. "ಎಣ್ಣಿ ಕುಡಿಸೀನಿ, ನೋಡು ಹ್ಯಾಂಗ ಮಿಂಚಾಕತ್ತೈತಿ."

ಅವನು ಎರಡನೇ ಹಗ್ಗವನ್ನೂ ಎಳೆದು ನೋಡಿದ. ನೆಲದ ಮೇಲೆ ಕೂತುಬಿಟ್ಟ. "ನಾನು ಇದರ ಮೇಲೆ ಇಳಿಯುವುದಿಲ್ಲ" ಎಂದ.

ಪ್ರಹ್ಲಾದ ಗಡಿಯಾರ ನೋಡಿಕೊಂಡ. "ಏನ್ ಮಜಾಕ್ ಮಾಡಾಕತ್ತಿ? ಕಂಪನಿ ಸಾಹೇಬ್ರು ದಾರ್ಯಾಗ ಇದ್ದಾರ. ಒರೆಸಿಕೊಂಡು ಇಳಿ."

"ಒರೆಸಿದರೆ ಹೋಗುವುದಿಲ್ಲ. ಎಣ್ಣೆ ಒಳಗಿನ ಎಳೆಗೆ ಇಳಿದಿದೆ. ಈ ಹಗ್ಗ ಇನ್ನು ಹಗ್ಗವಲ್ಲ."

ಬಂಡೆಮ್ಮನ ಮುಖ ಕಪ್ಪಿಟ್ಟಿತು. ನನಗೆ ತಲೆ ಕೆಟ್ಟಿತು. ಅವನಿಗಾಗಿ ತಿಂಗಳುಗಟ್ಟಲೆ ಅಲೆದ ಹೆಂಗಸು, ಹಬ್ಬದ ದಿನ ತನ್ನ ಅಡಿಗೆ ಬಿಟ್ಟು ಅವನ ಹಗ್ಗದ ಮುಂದೆ ಕೂತವಳು. "ನಿನ್ನ ಹಣಿ ಮ್ಯಾಲಿಂದು ಏನಲೇ? ಅದು ಕುಂಕುಮ, ಇದು ಹೊಲಸೇನು?" ಎಂದು ಕೂಗಿದೆ.

ಅವನು ನನ್ನನ್ನು ನೋಡಿದ. "ನನ್ನ ತಾಯಿಯೂ ಕುಡುಗೋಲಿಗೆ ಹಚ್ಚುತ್ತಾಳೆ ಅಣ್ಣಾ. ದೇವರ ಜೊತೆ ನನ್ನ ಜಗಳವಿಲ್ಲ. ಎಣ್ಣೆಯ ಜೊತೆ ಇದೆ."

"ಹೆದರ್ಯಾನ" ಎಂದ ಪ್ರಹ್ಲಾದ. "ದುಬೈ ಕಾರ್ಡು ಜೇಬಿನ್ಯಾಗ, ಎದಿ ಮಾತ್ರ ಗೇಟಿನ್ಯಾಗ." ಗ್ಯಾಂಗಿನಲ್ಲಿ ಯಾರೋ ನಕ್ಕರು. ಪ್ರಹ್ಲಾದ ಅಂಬಾದಾಸನ ಹೆಗಲ ಮೇಲೆ ಕೈ ಇಟ್ಟ. "ನೀ ಇಳೀತಿ ಏನ? ಸಾಹೇಬ್ರು ಬರೂದ್ರಾಗ ಒಂದ್ ಸಲ ಇಳಿದು ತೋರಿಸು. ಆಮ್ಯಾಲ ಈ ಗಂಡಸಿಗೂ ಧೈರ್ಯ ಬರ್ತೈತಿ."

ಅಂಬಾದಾಸ ಹಲಗೆಯ ಮೇಲೆ ಇಳಿದು ಬಣ್ಣ ಹೊಡೆದವನು. ಹಗ್ಗ ಅವನಿಗೆ ಹೊಸದಲ್ಲ, ಈ ತರಹದ್ದು ಹೊಸದು. ಹೆಗಲಿಗೂ ತೊಡೆಗೂ ಬರುವ ಪಟ್ಟಿಗಳನ್ನು ಹಾಕಿಕೊಳ್ಳಲು ಶುರು ಮಾಡಿದ. ತುಲಾರಾಮ ಎದ್ದು ಛಾವಣಿಯ ಅಂಚಿಗೂ ಅವನಿಗೂ ನಡುವೆ ನಿಂತ.

"ನನ್ನ ಹಗ್ಗ. ನಾನಿರುವಾಗ ಯಾರೂ ಇಳಿಯುವುದಿಲ್ಲ."

"ಪಕ್ಕಕ್ಕ ಸರಿಯಲೇ" ಎಂದು ನಾನು ಅವನ ಅಂಗಿ ಹಿಡಿದೆ. ಬಂಡೆಮ್ಮ ನನ್ನ ಕೈ ಬಿಡಿಸಿದಳು.

"ಕಲ್ಯಾಣಪ್ಪಾ, ನಿನ್ನ ಸಿಟ್ಟು ನಿನ್ನ ಹಾಯ್ಸ್ಟಿನ್ಯಾಗ ಇಡು" ಎಂದಳು. ತುಲಾರಾಮನ ಕಡೆ ತಿರುಗಿದಳು. "ಬಾಯಿಲೆ ಹೇಳಬ್ಯಾಡ. ತೋರಸು ನನಗ. ನನ್ನ ಎಣ್ಣಿ ಏನ್ ಮಾಡೈತಿ ತೋರಸು."

ನೀರಿನ ಟ್ಯಾಂಕಿನ ಕಬ್ಬಿಣದ ತೊಲೆಗೆ ತುಲಾರಾಮ ಹಗ್ಗ ಕಟ್ಟಿದ. ಎದೆಮಟ್ಟದಲ್ಲಿ ಉಡವನ್ನು ಕಚ್ಚಿಸಿ, ಅದಕ್ಕೆ ಒಂದು ಸಿಮೆಂಟಿನ ಚೀಲ ತೂಗಿಬಿಟ್ಟ. ಚೀಲ ಗಾಳಿಯಲ್ಲಿ ನಿಂತಿತು.

"ನಿಂತೈತಲ್ಲ" ಎಂದ ಪ್ರಹ್ಲಾದ.

ಯಾರೂ ಅದನ್ನು ಮುಟ್ಟಿರಲಿಲ್ಲ. ಚೀಲ ಮೆಲ್ಲಗೆ, ಒಂದು ಬೆರಳಿನಷ್ಟು, ಕೆಳಗೆ ಸರಿಯಿತು. ನಿಂತಿತು. ಇನ್ನೊಂದು ಬೆರಳು. ಉಡದ ಬಾಯಿಯಿಂದ ಕುಂಕುಮ ಕಲಸಿದ ಎಣ್ಣೆ ಒಂದು ಹನಿ ಒಸರಿತು. ಆಮೇಲೆ ಚೀಲ ಒಮ್ಮೆಲೇ ಜಾರಿ ನೆಲಕ್ಕೆ ಬಡಿದು ಒಡೆಯಿತು. ಸಿಮೆಂಟಿನ ದೂಳು ನಮ್ಮೆಲ್ಲರ ಕಾಲಿನ ಮೇಲೆ ಕೂತಿತು.

ನಾನು ಅಲ್ಲಿಂದ ಹೊರಗೆ ನೋಡಿದೆ. ಕೆಳಗೆ ರಸ್ತೆಯಲ್ಲಿ ಕಂಪನಿಯ ಕ್ಯಾಬುಗಳು ಇರುವೆಗಳಂತೆ ಸರಿಯುತ್ತಿದ್ದವು.

"ಅದು ಜಡ ಚೀಲ" ಎಂದ ಪ್ರಹ್ಲಾದ. ಅವನ ದನಿ ಈಗ ಅವಸರದ್ದಾಗಿತ್ತು. "ಮನಷ್ಯಾಗ ಕೈ ಐತಿ, ಹಗ್ಗ ಹಿಡೀತಾನ. ಸ್ವಲ್ಪ ಜೋರಾಗಿ ಇಳೀತಾನ, ಇಷ್ಟ. ಏ ಅಂಬಾದಾಸ, ನಿನಗೂ ಅಂಜಿಕಿ ಬಂತೇನು?"

ಅಂಬಾದಾಸ ಸುತ್ತ ನೋಡಿದ. ಗ್ಯಾಂಗಿನ ಎಲ್ಲ ಕಣ್ಣೂ ಅವನ ಮೇಲಿದ್ದವು. ಗಂಡಸು ಅಂಥ ಹೊತ್ತಿನಲ್ಲಿ ಬುದ್ಧಿಯ ಮಾತು ಕೇಳುವುದಿಲ್ಲ. ಅವನು ಹಗ್ಗದ ಇನ್ನೊಂದು ತುದಿಯನ್ನು ಛಾವಣಿಯ ಅಂಚಿನ ಕಟ್ಟೆಯ ಆಚೆ ಬಿಟ್ಟು, ಉಡವನ್ನು ತನ್ನ ಪಟ್ಟಿಗೆ ಸಿಕ್ಕಿಸಿಕೊಂಡು ಕಟ್ಟೆ ಹತ್ತಿ ಕೂತ. ಒಂದು ಕಾಲು ಹೊರಗೆ ಹಾಕಿದ.

"ಬಿದಿರಿನ ಮ್ಯಾಲ ಇದಕ್ಕಿಂತ ಜಾರಿಕಿ ಇರ್ತೈತಿ, ಅತ್ತಿ" ಎಂದ.

ತುಲಾರಾಮ ಓಡಿ ಅವನ ತೋಳು ಹಿಡಿದ. ಪ್ರಹ್ಲಾದ ತುಲಾರಾಮನನ್ನು ಹಿಂದಕ್ಕೆ ಎಳೆದ. ಅಷ್ಟರಲ್ಲಿ ಬಂಡೆಮ್ಮ ಅಳಿಯನ ಬೆನ್ನ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು, ಒಂದೇ ಎಳೆತಕ್ಕೆ ಒಳಗೆ ಕೆಡವಿದಳು. ಅವನು ಬೆನ್ನ ಮೇಲೆ ಬಿದ್ದ. ಅವನು ಏಳುವ ಮೊದಲೇ ಆಕೆ ಸೊಂಟದಲ್ಲಿದ್ದ ಗಾಜು ಕೆರೆಯುವ ಬ್ಲೇಡು ತೆಗೆದು ತೊಲೆಯ ಹತ್ತಿರ ಹೋಗಿದ್ದಳು. ಪೂಜೆ ಮಾಡಿದ ವಸ್ತುವಿಗೆ ಬ್ಲೇಡು ಹಾಕುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಆಕೆ ಎರಡೂ ಗಲ್ಲಕ್ಕೆ ಕೈ ಮುಟ್ಟಿಸಿಕೊಂಡು, "ತಪ್ಪಾತು ತಾಯಿ" ಎಂದಳು. ಹಗ್ಗವನ್ನು ಕೊಯ್ದಳು. ಒಂದು ಕಡೆ ಕೊಯ್ದು ಬಿಡಲಿಲ್ಲ. ಮೊಳಕ್ಕೊಂದು ತುಂಡು, ಯಾವನೂ ಹೆಕ್ಕಿಕೊಂಡು ಹೋಗಿ ಬೇರೆ ಕಡೆ ಕಟ್ಟಬಾರದು ಎನ್ನುವಂತೆ. ಎರಡನೇ ಹಗ್ಗಕ್ಕೂ ಅದೇ ಗತಿ.

"ಆತಲ್ಲ" ಎಂದ ಪ್ರಹ್ಲಾದ. "ಈ ಕಟ್ಟಡದಾಗ ನಿನ್ನ ಅನ್ನ ಇವತ್ತಿಗೆ ಮುಗೀತು. ನಿನ್ನ ಗ್ಯಾಂಗ್ ಕಟಗೊಂಡು ಸಂಜಿ ಒಳಗ ಶೆಡ್ ಖಾಲಿ ಮಾಡು."

ಕೆಳಗಿನಿಂದ ಹಾಯ್ಸ್ಟಿನ ಗಂಟೆ ಕೇಳಿಸಿತು. ಅಧಿಕಾರಿ ಬಂದಿದ್ದ. ನಾನು ಇಳಿಯಲು ಹೊರಟಾಗ ಪ್ರಹ್ಲಾದ ನನ್ನ ಪಕ್ಕಕ್ಕೆ ಬಂದು, "ನೇಪಾಳಿಗೆ ಜ್ವರ ಬಂದೈತಿ ಅಂತ ಹೇಳು" ಎಂದ. ನಾನು ಹಾಯ್ಸ್ಟಿನ ಬಾಗಿಲು ಎಳೆದೆ.

ಅಧಿಕಾರಿಯ ಹೆಸರು ಜನಾರ್ದನ. ಉಡುಪಿ ಕಡೆಯವನು, ಮೂವತ್ತರ ಆಸುಪಾಸು, ತಲೆಗೆ ಹಳದಿ ಟೊಪ್ಪಿ. ಮೇಲೆ ಬಂದವನು ಮೊದಲು ಒಡೆದ ಸಿಮೆಂಟಿನ ಚೀಲ ನೋಡಿದ, ಆಮೇಲೆ ಹಗ್ಗದ ತುಂಡುಗಳನ್ನು. ಒಂದನ್ನು ಎತ್ತಿಕೊಂಡ.

"ಇದು ಎಂತ? ಯಾರು ಕತ್ತರಿಸಿದ್ದು?"

"ಇವನೇ ಸರ್" ಎಂದು ಪ್ರಹ್ಲಾದ ತುಲಾರಾಮನನ್ನು ತೋರಿಸಿದ. "ಇಳಿಯಾಕ ಅಂಜಿ ಕತ್ತರಿಸಿ ಒಗದಾನ. ಇಂಥವರನ್ನ ನಂಬಿ ನಾನೂ ಕೆಟ್ಟೆ."

ತುಲಾರಾಮನಿಗೆ ಕನ್ನಡ ಪೂರ್ತಿ ತಿಳಿಯದಿದ್ದರೂ ಆ ಬೆರಳು ತಿಳಿಯಿತು. ನಿಜ ಹೇಳಿದರೆ ಅವನು ಬಂಡೆಮ್ಮನ ಹೆಸರು ಹೇಳಬೇಕಿತ್ತು. ಹೇಳಲಿಲ್ಲ.

"ಸುಳ್ಳು" ಎಂದಳು ಬಂಡೆಮ್ಮ. "ಎಣ್ಣಿ ಹಚ್ಚಿದಾಕಿ ನಾನು, ಕೊಯ್ದಾಕಿ ನಾನು. ಇವ ಇಳಿಯಾಂಗಿಲ್ಲ ಅಂದ. ಹಗ್ಗ ಜಾರಿದ್ದು ಎಲ್ಲಾರೂ ನೋಡೀವಿ. ಆಮ್ಯಾಲ ನನ್ನ ಅಳಿಯನ್ನ ಇಳಸಾಕ ಹೊಂಟಿದ್ರು, ಅದಕ್ಕ ಕೊಯ್ದೆ. ಕೇಳೂದಿದ್ರ ನನ್ನ ಕೇಳ್ರಿ."

ಜನಾರ್ದನ ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಗ್ಯಾಂಗಿನವರು ಒಬ್ಬೊಬ್ಬರಾಗಿ ತಲೆಯಾಡಿಸಿದರು. ಅವನು ಹಗ್ಗದ ತುಂಡನ್ನು ಮೂಸಿದ.

"ಕುಸುಬೆ ಎಣ್ಣೆಯಾ?"

"ಗಾಣದ್ದ್ರೀ. ಚಲೋ ಎಣ್ಣಿ" ಎಂದಳು ಬಂಡೆಮ್ಮ.

ಅವನು ನಗಲಿಲ್ಲ. ತುಲಾರಾಮನ ಹತ್ತಿರ ಹಿಂದಿಯಲ್ಲಿ ಏನೇನೋ ಕೇಳಿದ, ಕಾರ್ಡು ತಿರುಗಿಸಿ ನೋಡಿದ. ಆಮೇಲೆ ಬಂಡೆಮ್ಮನಿಗೆ ಹೇಳಿದ: "ನೋಡಿ ಅಮ್ಮಾ, ಕೆಟ್ಟ ಹಗ್ಗದಲ್ಲಿ ಇಳಿಯದಿದ್ದದ್ದು ಸರಿ. ಹಾಗಂತ ಇಳಿಯದವನನ್ನು ಇಳಿದ ಅಂತ ಬರೀಲಿಕ್ಕೆ ನನಗೆ ಬರುವುದಿಲ್ಲ. ಹಗ್ಗ ಇಲ್ಲದೆ ಪರೀಕ್ಷೆ ಎಂತದ್ದು? ಸಂಜೆ ನಾನು ವರದಿ ಕೊಡಬೇಕು. ಕೊಟ್ಟ ಮೇಲೆ ಮುಗೀತು."

"ಸಂಜಿಗಿ ಇನ್ನೂ ಅರ್ಧ ದಿನ ಐತಿ" ಎಂದಳು ಬಂಡೆಮ್ಮ.

"ಇದ್ದರೆ?"

"ನೀವು ಎಲ್ಲಿಂದರ ಒಂದು ಹಗ್ಗ ಹುಡುಕ್ರಿ. ಇಷ್ಟು ದೊಡ್ಡ ಕಂಪನಿ, ಒಂದು ಹಗ್ಗ ಇರಾಂಗಿಲ್ಲೇನು? ಇವನ ಕೈಯಾಗ ಕೊಟ್ಟು ನೋಡ್ರಿ. ಬರಲಿಲ್ಲಂದ್ರ ಹೊಳ್ಳಿ ಕಳಸ್ರಿ, ನಾವ್ ಹ್ಯಾಂಗೂ ಗಂಟು ಕಟ್ಟಾಕ ಹೊಂಟೀವಿ."

ಜನಾರ್ದನ ಕಟ್ಟೆಯ ಹತ್ತಿರ ಹೋಗಿ ಫೋನಿನಲ್ಲಿ ಮಾತಾಡಿದ. ಯಾರ ಮೇಲೋ ರೇಗಿದ. ಮಾದಾಪುರದ ಕಂಪನಿ ಗೋದಾಮಿನಲ್ಲಿ ಸೀಲು ಒಡೆಯದ ಹಗ್ಗಗಳು ಇದ್ದವಂತೆ, ಕೊಡಲು ಅಲ್ಲಿಯವನು ಒಪ್ಪುತ್ತಿರಲಿಲ್ಲ. ಕೊನೆಗೆ, "ನನ್ನ ಹೆಸರಲ್ಲಿ ಬರೆದುಕೊಳ್ಳಿ ಮಾರಾಯ್ರೆ, ತಿನ್ನುವುದಿಲ್ಲ ಅದನ್ನು" ಎಂದು ಫೋನು ಇಟ್ಟ.

ಊಟದ ಹೊತ್ತು ಕಳೆಯಿತು, ಹಗ್ಗ ಬರಲಿಲ್ಲ. ಶೆಡ್ಡಿನಲ್ಲಿ ಗ್ಯಾಂಗಿನ ಗದಿಗೆಮ್ಮ ಮತ್ತು ಉಳಿದ ಹೆಂಗಸರು ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದರು. ಅಂಬಾದಾಸ ಅತ್ತೆಯ ಜೊತೆ ಮಾತು ಬಿಟ್ಟಿದ್ದ. ಎಲ್ಲರ ಮುಂದೆ ಮಾನ ಕಳೆದಳು ಎಂದು ಅವನ ಸಿಟ್ಟು. ತುಲಾರಾಮ ಛಾವಣಿಯ ಮೇಲೆ ಸೀಮೆಎಣ್ಣೆಯಲ್ಲಿ ತನ್ನ ಉಡವನ್ನು ತೊಳೆದು, ಒಣಗಿಸಿ, ಮತ್ತೆ ಸೋಪಿನಿಂದ ತೊಳೆಯುತ್ತಿದ್ದ.

ಹಗ್ಗ ಬಂದದ್ದು ಬಿಸಿಲು ಪಡುವಣಕ್ಕೆ ವಾಲಿದ ಮೇಲೆ. ತುಲಾರಾಮ ಪ್ರತಿ ಗೇಣನ್ನೂ ಬೆರಳ ನಡುವೆ ಹಾಯಿಸಿ ನೋಡಿದ. ಗಂಟು ಹಾಕಿ, ಜನಾರ್ದನನಿಗೆ ತೋರಿಸಿದ. ನೆತ್ತಿಯಿಂದ ಇಳಿದ, ನಡುವೆ ನಿಂತ, ಒಂದು ಹಗ್ಗದಿಂದ ಇನ್ನೊಂದಕ್ಕೆ ದಾಟಿದ, ಮತ್ತೆ ಹತ್ತಿಹೋದ. ನಾವು ಕೆಳಗಿನಿಂದ ಕತ್ತು ನೋಯುವವರೆಗೆ ನೋಡಿದೆವು. ಗಾಜಿನ ಮೇಲೆ ಅವನ ನೆರಳು ಅವನ ಜೊತೆಗೇ ಇಳಿಯಿತು.

"ಇಷ್ಟು ಸರಿ ಉಂಟು" ಎಂದ ಜನಾರ್ದನ, ತುಲಾರಾಮನ ಜೊತೆ ಕೆಳಗೆ ಬಂದು. "ಇನ್ನು ಕೊನೆಯದ್ದು. ಹಗ್ಗದಲ್ಲಿ ಪ್ರಜ್ಞೆ ತಪ್ಪಿ ನೇತಾಡುವವನನ್ನು ಇವನು ಹೋಗಿ ಬಿಡಿಸಿ ಕೆಳಗೆ ತರಬೇಕು. ಮೂರನೇ ಮಹಡಿಯಿಂದ ಸಾಕು. ನೇತಾಡಲಿಕ್ಕೆ ಯಾರು?"

ಅಂಬಾದಾಸನನ್ನು ನೇತುಹಾಕುವುದೆಂದು ಮೊದಲೇ ಮಾತಾಗಿತ್ತು. ಅವನು ಗೋಣಿಯ ಬಾಯಿ ಹೊಲಿಯುತ್ತ ತಲೆ ಎತ್ತಲಿಲ್ಲ. ಬೆಳಿಗ್ಗೆ ಬಿದ್ದ ಚೀಲ ಈಗ ಅವನ ಕಣ್ಣ ಮುಂದೆ ಇತ್ತು. ಗ್ಯಾಂಗಿನಲ್ಲಿ ಉಳಿದವರು ಒಬ್ಬರ ಹಿಂದೆ ಒಬ್ಬರು ಸರಿದರು. ಪ್ರಹ್ಲಾದನ ಆಳುಗಳು ಪ್ರಹ್ಲಾದನ ಮುಖ ನೋಡಿದರು. ಅವನು ಆಕಾಶ ನೋಡಿದ.

"ನಾ ಬರ್ತೀನಿ" ಎಂದೆ ನಾನು.

ಜನಾರ್ದನ ನನ್ನನ್ನು ಮೇಲಿಂದ ಕೆಳಗೆ ಅಳೆದ. "ಬೇಡ ಮಾರಾಯ್ರೆ. ನಿಮ್ಮನ್ನು ಇಳಿಸ್ಲಿಕ್ಕೆ ಕ್ರೇನು ಬೇಕು. ಮತ್ತೆ ಹಾಯ್ಸ್ಟ್ ಯಾರು ನಡೆಸುವುದು?" ಕೈಗಡಿಯಾರ ನೋಡಿದ. "ಯಾರೂ ಇಲ್ಲದಿದ್ದರೆ ಪರೀಕ್ಷೆ ಅರ್ಧ. ಅರ್ಧ ಪರೀಕ್ಷೆಗೆ ಅರ್ಧ ಪಾಸು ಅಂತ ಇಲ್ಲ."

ತುಲಾರಾಮ ಯಾರನ್ನೂ ಕೇಳಲಿಲ್ಲ. ಹಗ್ಗ ಸುತ್ತಲು ಶುರು ಮಾಡಿದ.

"ನನಗ ಕಟ್ರಿ" ಎಂದಳು ಬಂಡೆಮ್ಮ.

ಗಾಜು ತೊಳೆಯುವ ಗ್ಯಾಂಗಿನ ಮೇಸ್ತ್ರಿಯಾದರೂ ಆಕೆ ಕಿಟಕಿಯ ಆಚೆಗೆ ಕಾಲಿಟ್ಟವಳಲ್ಲ. ಒಳಗಿನ ಗಾಜು ಆಕೆಯದು, ಹೊರಗಿನದಕ್ಕೆ ನೆಲದ ಮೇಲೆ ನಿಂತು ಕೂಗುವುದು. ಎತ್ತರ ಅಂದರೆ ತನಗಾಗದು ಎಂದು ನನ್ನ ಹಾಯ್ಸ್ಟಿನಲ್ಲೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಗದಿಗೆಮ್ಮ ಓಡಿಬಂದು ಕೈ ಹಿಡಿದಳು. "ಅಕ್ಕಾ, ಹುಚ್ಚು ಹಿಡದೈತೇನು ನಿನಗ? ಈ ಹಗ್ಗಕ್ಕ ಒಂದು ಊದುಬತ್ತಿ ಸೈತ ತೋರಿಸಿಲ್ಲ."

"ತೋರಸಲಾರದ್ದಕ್ಕ ಹೊಂಟೀನಿ" ಎಂದಳು ಬಂಡೆಮ್ಮ.

ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡಳು. ಮೂರನೇ ಮಹಡಿಯಲ್ಲಿ ಇನ್ನೂ ಗಾಜು ಕೂಡಿಸದ ಒಂದು ಕಿಂಡಿ ಇತ್ತು. ತುಲಾರಾಮ ಅವಳಿಗೆ ಪಟ್ಟಿಗಳನ್ನು ಕಟ್ಟಿ, ಪ್ರತಿಯೊಂದನ್ನೂ ಎಳೆದು ನೋಡಿದ. ತಾನು ಕಟ್ಟಿದ ಗಂಟನ್ನು ಜನಾರ್ದನನಿಗೆ ತೋರಿಸಿದ, ಆಮೇಲೆ ಅವಳಿಗೂ ತೋರಿಸಿದ. ಹಗ್ಗ ಮುಟ್ಟುವ ಮೊದಲು ಆಕೆ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ಅಮ್ಮಾ, ಹೆದರಿಕೆ ಆದರೆ ಈಗಲೇ ಹೇಳಿ" ಎಂದ ತುಲಾರಾಮ.

"ಹೇಳಿದ್ರ ಬಿಡ್ತಿ ಏನು?"

"ಬಿಡುತ್ತೇನೆ."

ಆಕೆ ಅವನ ಮುಖ ನೋಡಿದಳು. ಆಮೇಲೆ ಅಂಚಿನಿಂದ ಹಿಂದಕ್ಕೆ ವಾಲಿದಳು. ನಾನು ಹಾಯ್ಸ್ಟನ್ನು ಪಕ್ಕದಲ್ಲೇ ನಿಲ್ಲಿಸಿದ್ದೆ. ಅವಳ ಭಾರ ಹಗ್ಗಕ್ಕೆ ಬಿದ್ದಾಗ ಒಂದು ಕಿರ್ ಎಂಬ ಸದ್ದು ಬಂತು. ಅವಳು ಗಾಳಿಯಲ್ಲಿ ಅರ್ಧ ಸುತ್ತು ತಿರುಗಿದಳು. ಮುಖ ಬೂದಿಯಾಗಿತ್ತು.

"ಅಮ್ಮಾ, ತಲೆ ವಾಲಿಸಿ. ನಿಮಗೆ ಪ್ರಜ್ಞೆ ಇಲ್ಲ ಅಂತ ಲೆಕ್ಕ" ಎಂದು ಮೇಲಿನಿಂದ ಜನಾರ್ದನ ಕೂಗಿದ.

"ನನ್ನ ಗಂಡನೂ ಅದನ್ನ ಅಂತಾನ್ರೀ" ಎಂದಳು. ಕೆಳಗೆ ನಕ್ಕರು. ತಲೆ ವಾಲಿಸಿದಳು.

ತುಲಾರಾಮ ಪಕ್ಕದ ಹಗ್ಗದಲ್ಲಿ ಇಳಿದು ಬಂದ. ಅವಳ ಮಟ್ಟಕ್ಕೆ ನಿಂತ. ಅವಳನ್ನು ತನ್ನ ಪಟ್ಟಿಗೆ ಸಿಕ್ಕಿಸಿಕೊಂಡ. ಈಗ ಅವಳ ಭಾರ ಅವಳ ಹಗ್ಗದಿಂದ ಅವನ ಉಡಕ್ಕೆ ಬರಬೇಕು. ಬೆಳಿಗ್ಗೆ ಎಣ್ಣೆ ಒಸರಿದ್ದ ಅದೇ ಉಡ. ಕೆಳಗೆ ನಗು ನಿಂತಿತು. ಹೊರಗಿನಿಂದ ಗಾಳಿ ಬೀಸಿ ಇಬ್ಬರನ್ನೂ ಗಾಜಿನ ಕಡೆಗೆ ತಳ್ಳಿತು. ತುಲಾರಾಮ ಕಾಲು ಕೊಟ್ಟು ತಡೆದ. ಅವಳ ಹಗ್ಗದ ಕ್ಲಿಪ್ಪು ಬಿಚ್ಚಿದ. ಇಬ್ಬರ ಭಾರವೂ ಒಂದೇ ಹಗ್ಗಕ್ಕೆ ಬಿತ್ತು. ಉಡ ಒಂದು ಗೇಣು ಇಳಿಯಿತು.

ಗದಿಗೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಂಬಾದಾಸ ಗೋಣಿ ಬಿಟ್ಟು ಎದ್ದು ನಿಂತ.

ಉಡ ಕಚ್ಚಿತು. ಅಲ್ಲಿಂದ ಅಲುಗಲಿಲ್ಲ. ತುಲಾರಾಮ ಅದನ್ನೇ ನೋಡುತ್ತ ಅಲ್ಲೇ ಕಾದ. ಆಮೇಲೆ ಅವನು ಹಿಡಿ ಒತ್ತಿದ. ಒಂದೇ ಸಮನೆ, ಬಾವಿಗೆ ಕೊಡ ಇಳಿಸಿದ ಹಾಗೆ, ಇಬ್ಬರೂ ಇಳಿದು ಬಂದರು. ಬಂಡೆಮ್ಮನ ತಲೆ ಅವನ ಹೆಗಲ ಮೇಲೆ ವಾಲಿತ್ತು. ನೆಲ ಮುಟ್ಟಿದ ಮೇಲೂ ಆಕೆ ಕಣ್ಣು ತೆರೆಯಲಿಲ್ಲ. ನಾನು ಹಾಯ್ಸ್ಟ್ ಇಳಿಸಿಕೊಂಡು ಓಡಿದೆ. ನಿಜವಾಗಿಯೂ ಪ್ರಜ್ಞೆ ಹೋಗಿದೆ ಎಂದುಕೊಂಡೆ.

"ಅಮ್ಮಾ, ಮುಗಿಯಿತು" ಎಂದ ತುಲಾರಾಮ.

ಆಕೆ ಕಣ್ಣು ತೆರೆದು ಮೊದಲು ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿದಳು. ಜನಾರ್ದನ ಮೆಟ್ಟಿಲಿನಿಂದ ಇಳಿದು ಬರುತ್ತಿದ್ದ. ಕೂತಲ್ಲಿಂದಲೇ ಅವನನ್ನು ಕೇಳಿದಳು:

"ಇವನ ದುಬೈ ಕಾರ್ಡು ಈಗ ನಮ್ಮ ಊರಾಗ ನಡೀತದೇನ್ರಿ?"

"ನಡೀತದೆ ಅಮ್ಮಾ. ಇವತ್ತೇ ಬರೆಯುತ್ತೇನೆ."

ಅವಳು ಪ್ರಹ್ಲಾದನ ಕಡೆ ನೋಡಿದಳು. ಅವನು ಗುತ್ತಿಗೆ ಉಳಿದ ಸಂತೋಷದಲ್ಲಿ ಎರಡು ಹೆಜ್ಜೆ ಮುಂದೆ ಬಂದಿದ್ದ, ಶೆಡ್ಡು ಬಿಡುವುದು ಬೇಡ ಎನ್ನಲೋ ಏನೋ ಬಾಯಿ ತೆರೆದಿದ್ದ. ಗೇಟಿನಲ್ಲಿ ಗೋಣಿಗಳನ್ನು ಹೇರಿಕೊಂಡ ಟೆಂಪೊದ ಇಂಜಿನ್ ಆಗಲೇ ಶುರುವಾಗಿತ್ತು.

"ಹಂಗಾರ ಇದನ್ನ ಬಿಚ್ಚಪ್ಪ" ಎಂದು ಬಂಡೆಮ್ಮ ತುಲಾರಾಮನಿಗೆ ಹೇಳಿದಳು. "ತೊಡಿ ಹತ್ರ ಭಾಳ ಬಿಗಿ ಐತಿ. ಟೆಂಪೊದವ ಕಾಯಾಕತ್ತಾನ."